ಕಚೇರಿ ಬಂತು, ಅಧಿಕಾರ ಬರಲಿಲ್ಲ

ಜೇವರ್ಗಿ ತಾಲೂಕನ್ನು ಒಡೆದು 2018ರಲ್ಲಿ ಯಡ್ರಾಮಿಯನ್ನು ಹೊಸ ತಾಲೂಕು ಮಾಡಿದರು. ಅದೇ ಹೊತ್ತಿಗೆ ಕಮಲಾಪುರ, ಕಾಳಗಿ, ಶಹಾಬಾದಗಳಿಗೂ ತಾಲೂಕಿನ ಪಟ್ಟ ದೊರೆಯಿತು. ಏಳು ತಾಲೂಕುಗಳ ಕಲಬುರಗಿ ಜಿಲ್ಲೆ ಹನ್ನೊಂದು ತಾಲೂಕುಗಳದಾಯಿತು. ಅದಕ್ಕೂ ಮೊದಲು, 2009ರ ಡಿಸೆಂಬರ್ ತಿಂಗಳಲ್ಲಿ, ಯಾದಗಿರಿ, ಶಹಾಪುರ, ಸುರಪುರಗಳನ್ನು ಕಡಿದು ಬೇರೊಂದು ಜಿಲ್ಲೆ ಕಟ್ಟಿದ್ದಾಗಿತ್ತು. ಹೆಸರುಗಳಿಗಂತೂ ನಮ್ಮಲ್ಲಿ ಬರವಿಲ್ಲ. 2014ರಲ್ಲಿ ಗುಲಬರ್ಗಾ ಕಲಬುರಗಿಯಾಯಿತು. 2019ರ ಸೆಪ್ಟೆಂಬರ್ 17ರಂದು ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕವಾಯಿತು. ಮಳೆ ತಡವಾಗಬಹುದು, ಫಲಕ ಬರೆಯುವ ಪೇಂಟರನಿಗೆ ಮಾತ್ರ ಈ ಸೀಮೆಯಲ್ಲಿ ಕೆಲಸ ತಪ್ಪಿಲ್ಲ.

ಇದನ್ನು ಹಾಸ್ಯಕ್ಕಾಗಿ ಹೇಳುತ್ತಿಲ್ಲ. ಪಹಣಿಗೋ ಆದಾಯ ಪತ್ರಕ್ಕೋ ದಿನಗೂಲಿ ಕಳೆದುಕೊಂಡು ದೂರದ ಊರಿಗೆ ಹೋಗುತ್ತಿದ್ದ ಮನುಷ್ಯನಿಗೆ ಕಚೇರಿ ತನ್ನ ಊರಿನ ಹತ್ತಿರ ಬಂದರೆ ಅದು ಸಣ್ಣ ಉಪಕಾರವಲ್ಲ. ಕಲಬುರಗಿಯಲ್ಲಿ 2008ರಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಬಂದು 2013ರಲ್ಲಿ ಅದು ಕಾಯಂ ಆದಾಗ, ಒಂದು ಹೊಲದ ದಾವೆಗಾಗಿ ಸುಮಾರು 600 ಕಿಲೋಮೀಟರ್ ದೂರದ ಬೆಂಗಳೂರಿಗೆ ರಾತ್ರಿಯೆಲ್ಲ ಪ್ರಯಾಣ ಮಾಡುತ್ತಿದ್ದ ಒಕ್ಕಲಿಗನ ಹೊರೆ ಎಷ್ಟು ಇಳಿಯಿತೆಂಬುದು ನಮಗೆ ಗೊತ್ತಿದೆ. ಆದ್ದರಿಂದ ಹೊಸ ತಾಲೂಕು, ಹೊಸ ಜಿಲ್ಲೆ ಬೇಡವೆಂಬ ವಾದ ನಮ್ಮದಲ್ಲ. ನಮ್ಮ ಪ್ರಶ್ನೆ ಬೇರೆ. ಕಚೇರಿ ಹತ್ತಿರ ಬಂತು, ಸರಿ. ತೀರ್ಮಾನ ಹತ್ತಿರ ಬಂತೇ? ಆಳಂದ, ಅಫಜಲಪುರ, ಜೇವರ್ಗಿಯ ಜನ ತಮ್ಮ ಊರಿನ ಹಣ ಎಲ್ಲಿ ಖರ್ಚಾಗಬೇಕೆಂದು ತಾವೇ ಹೇಳುವ ಸ್ಥಳ ಯಾವುದು? ಆ ಸ್ಥಳವನ್ನು ಹುಡುಕುತ್ತ ಹೊರಟರೆ ತಹಶೀಲ್ದಾರರು ಕಲಬುರಗಿಯತ್ತ ಕೈ ತೋರಿಸುತ್ತಾರೆ, ಕಲಬುರಗಿಯವರು ಬೆಂಗಳೂರಿನತ್ತ ತೋರಿಸುತ್ತಾರೆ. ಬೆಂಗಳೂರಿನವರು ಕಡತ ತೋರಿಸುತ್ತಾರೆ.

ಈ ರೋಗ ಇಂದಿನದಲ್ಲ. ನಿಜಾಮನ ಕಾಲದಲ್ಲಿ ಗುಲಬರ್ಗಾ ಒಂದು ಸುಬೆಯ ಮುಖ್ಯಸ್ಥಳವಾಗಿತ್ತು. ಸುಬೇದಾರ ಇಲ್ಲಿ ಕೂತು ಹೈದರಾಬಾದಿನ ಹುಕುಂ ನಡೆಸುತ್ತಿದ್ದ. ಅದರ ಕೆಳಗೆ ನಮ್ಮ ಅನೇಕ ಹಳ್ಳಿಗಳು ಪಾಯಗಾ, ಜಹಗೀರುಗಳ ಹಿಡಿತದಲ್ಲಿದ್ದು, ದೊರೆಯ ಕೆಳಗೆ ಇನ್ನೊಬ್ಬ ದೊರೆಯನ್ನು ಸಾಕಬೇಕಾಗಿತ್ತು. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಮುಗಿಯಿತು, 1949ರಲ್ಲಿ ಜಹಗೀರುಗಳು ರದ್ದಾದವು. 1955ರಲ್ಲಿ ಫಜಲ್ ಅಲಿ ಆಯೋಗ ವರದಿ ಕೊಟ್ಟಿತು. 1956ರ ನವೆಂಬರ್ 1ರಂದು ಗುಲಬರ್ಗಾ ಜಿಲ್ಲೆ ವಿಶಾಲ ಮೈಸೂರು ರಾಜ್ಯಕ್ಕೆ ಸೇರಿತು. ಆದರೆ ಇಡಿಯಾಗಿ ಸೇರಲಿಲ್ಲ. ಕೊಡಂಗಲ್, ತಾಂಡೂರು ತಾಲೂಕುಗಳು ಆಂಧ್ರಪ್ರದೇಶದ ಪಾಲಾದವು. (ಆ ಕೊಡಂಗಲ್ಲಿನ ಶಾಸಕರೇ 2023ರ ಡಿಸೆಂಬರಿನಲ್ಲಿ ತೆಲಂಗಾಣದ ಮುಖ್ಯಮಂತ್ರಿಯಾದರೆಂಬುದನ್ನು ಓದುಗರು ಗಮನಿಸಿರಬಹುದು.)

ಇಲ್ಲಿ ಒಂದು ಸಂಗತಿಯನ್ನು ನಿಧಾನವಾಗಿ ನೋಡಬೇಕು. ಹೈದರಾಬಾದ್ ಸಂಸ್ಥಾನದ ತೆಲುಗು ಜಿಲ್ಲೆಗಳು ಆಂಧ್ರದೊಡನೆ ಕೂಡುವ ಮೊದಲು ಕರಾರು ಕೇಳಿದವು. 1956ರ ಫೆಬ್ರುವರಿ 20ರಂದು ಎರಡೂ ಕಡೆಯ ಮುಖಂಡರು ಕೂತು ಒಪ್ಪಂದ ಮಾಡಿಕೊಂಡರು. ಅದರಂತೆ ತೆಲಂಗಾಣದ ಶಾಸಕರೆಲ್ಲ ಸದಸ್ಯರಾಗಿರುವ ಒಂದು ಪ್ರಾದೇಶಿಕ ಸಮಿತಿ ಬಂತು. ಸಂವಿಧಾನದ 371ನೆಯ ವಿಧಿಯಲ್ಲಿ ಅದಕ್ಕೆ ಜಾಗ ಮಾಡಿದರು. ಸ್ಥಳೀಯ ಸ್ವರಾಜ್ಯ, ಶಾಲೆ, ಆರೋಗ್ಯ, ಅಭಿವೃದ್ಧಿ ಯೋಜನೆ, ಸಾಗುವಳಿ ಭೂಮಿಯ ಮಾರಾಟ ಮುಂತಾದ ವಿಷಯಗಳಲ್ಲಿ ಆ ಸಮಿತಿಯ ಮಾತಿಗೆ ಬೆಲೆಯಿರಬೇಕೆಂದು ಏರ್ಪಾಡಾಯಿತು. ಅದೇ ದಿನಗಳಲ್ಲಿ ನಮ್ಮ ಕನ್ನಡ ಜಿಲ್ಲೆಗಳು ಏನು ಕರಾರು ಮಾಡಿಕೊಂಡವು? ಏನೂ ಇಲ್ಲ. ತಾಯಿಯ ಮನೆಗೆ ಹೋಗುವ ಮಗಳು ಕರಾರು ಪತ್ರ ಬರೆಸಿಕೊಂಡು ಹೋಗುತ್ತಾಳೆಯೆ ಎಂದು ನಮ್ಮ ಹಿರಿಯರು ಕೇಳಿದರು. ಆ ಮಾತಿನಲ್ಲಿ ಪ್ರೀತಿಯಿತ್ತು, ಏಕೀಕರಣಕ್ಕಾಗಿ ಸೆರೆಮನೆ ಕಂಡವರ ನಿಷ್ಠೆಯಿತ್ತು. ಅದನ್ನು ಹಳಿಯಲು ನಮಗೆ ಬಾಯಿ ಬರುವುದಿಲ್ಲ. ಆದರೆ ತವರುಮನೆಯಲ್ಲಿ ಕೊಟ್ಟಿಗೆಯ ಪಕ್ಕದ ಕೋಣೆ ಸಿಕ್ಕಿತೆಂಬುದನ್ನೂ ಮುಚ್ಚಿಡಲಾಗದು.

ಕರಾರು ಬರೆಸಿಕೊಂಡವರ ಗತಿಯಾದರೂ ಏನಾಯಿತು? ಬರೆದದ್ದನ್ನು ನಡೆಸಲಿಲ್ಲವೆಂದು 1969ರಲ್ಲಿ ತೆಲಂಗಾಣ ಹೊತ್ತಿ ಉರಿಯಿತು. 1973ರಲ್ಲಿ ಪ್ರಾದೇಶಿಕ ಸಮಿತಿಯನ್ನೇ ತೆಗೆದುಹಾಕಿ, ಅದರ ಬದಲು ನೌಕರಿ, ಶಿಕ್ಷಣಗಳಿಗೆ 371(ಡಿ) ಎಂಬ ವಿಧಿ ತಂದರು. 2014ರ ಜೂನ್ 2ರಂದು ತೆಲಂಗಾಣ ಬೇರೆ ರಾಜ್ಯವಾಯಿತು. ಹಲ್ಲಿಲ್ಲದ ಸಮಿತಿ, ಅಧಿಕಾರವಿಲ್ಲದ ಮಂಡಳಿ ಕೊಟ್ಟು ಜನರನ್ನು ಸುಮ್ಮನಿರಿಸಬಹುದೆಂದು ತಿಳಿದವರು ಆ ಚರಿತ್ರೆಯನ್ನು ಓದಬೇಕು.

ನಮ್ಮ ಕಡೆ ಮೊದಲು ಸಮಿತಿಗಳು ಬಂದವು. ಜೇವರ್ಗಿಯ ಧರ್ಮಸಿಂಗ್ ಅವರ ಸಮಿತಿ ಈ ಭಾಗಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿ ಬೇಕೆಂದಿತು. ಅದಾದ ಎಷ್ಟೋ ವರ್ಷಕ್ಕೆ, 1991ರಲ್ಲಿ, ಮಂಡಳಿಯ ಕಾಯಿದೆಯಾಯಿತು. 2000ದಲ್ಲಿ ನೇಮಕವಾದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 175 ತಾಲೂಕುಗಳನ್ನು ಒಂದೊಂದಾಗಿ ತೂಗಿ 2002ರಲ್ಲಿ ವರದಿ ಒಪ್ಪಿಸಿತು. 114 ತಾಲೂಕುಗಳು ಹಿಂದುಳಿದವು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಆ 39ರಲ್ಲಿ 21 ಗುಲಬರ್ಗಾ ವಿಭಾಗದವು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಆ ಕಡೆಯ ಸಾಲಿನಲ್ಲೇ ಇದ್ದವು. ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿ ಹಾಕಬೇಕೆಂದು ವರದಿ ಹೇಳಿತು. ಎಂಟು ವರ್ಷಗಳು ಯಾವಾಗಲೋ ಮುಗಿದವು. ಮತ್ತೆ 2024ರಲ್ಲಿ ಪ್ರೊ. ಎಂ. ಗೋವಿಂದರಾವ್ ಅವರ ನೇತೃತ್ವದಲ್ಲಿ ಹೊಸ ಸಮಿತಿ ನೇಮಿಸಿದರು. ರೋಗಿಯ ನಾಡಿ ಹಿಡಿಯುವ ವೈದ್ಯರು ಬದಲಾಗುತ್ತಾರೆ, ಔಷಧದ ಚೀಟಿಯೂ ಬರುತ್ತದೆ. ಔಷಧದ ಅಂಗಡಿಯ ಬೀಗದ ಕೈ ಮಾತ್ರ ರೋಗಿಯ ಮನೆಯವರಿಗೆ ಸಿಗುವುದಿಲ್ಲ.

ನಮ್ಮವರ ಕೈಗೆ ಅಧಿಕಾರ ಬಂದರೆ ಎಲ್ಲ ಸರಿಹೋಗುತ್ತದೆಂಬ ಭ್ರಮೆಯೂ ಒಂದಿತ್ತು. ಚಿಂಚೋಳಿಯ ವೀರೇಂದ್ರ ಪಾಟೀಲರು ಎರಡು ಸಲ ಮುಖ್ಯಮಂತ್ರಿಯಾದರು. 2004ರಲ್ಲಿ ಧರ್ಮಸಿಂಗ್ ಅವರೂ ಆದರು. ಅವರ ಯೋಗ್ಯತೆಯನ್ನು ನಾವು ಇಲ್ಲಿ ತೂಗುತ್ತಿಲ್ಲ. ನಮ್ಮ ಜಿಲ್ಲೆಯವರೊಬ್ಬರು ವಿಧಾನಸೌಧದ ಕುರ್ಚಿಯಲ್ಲಿ ಕೂಡುವುದು ಒಂದು, ಆ ಕುರ್ಚಿಯ ಅಧಿಕಾರದಲ್ಲಿ ಒಂದು ಪಾಲು ಜಿಲ್ಲೆಗೆ ಬರುವುದು ಇನ್ನೊಂದು. ಮೊದಲನೆಯದು ಮೂರು ಸಲ ಆಯಿತು.

ಕಡೆಗೆ ಬಹುಕಾಲದ ಹೋರಾಟದ ಫಲವಾಗಿ ಸಂವಿಧಾನದ 98ನೆಯ ತಿದ್ದುಪಡಿಯಾಗಿ 371(ಜೆ) ವಿಧಿ ಬಂತು. 2013ರ ಅಕ್ಟೋಬರ್ 1ರಿಂದ ಜಾರಿಯಾಯಿತು. ಇದು ದೊಡ್ಡ ಗೆಲುವು. ಈ ಭಾಗದ ಕಚೇರಿಗಳಲ್ಲಿ ಎ ಮತ್ತು ಬಿ ದರ್ಜೆಯ ಹುದ್ದೆಗಳಲ್ಲಿ ನೂರಕ್ಕೆ 75, ಸಿ ದರ್ಜೆಯಲ್ಲಿ 80, ಡಿ ದರ್ಜೆಯಲ್ಲಿ 85 ಸ್ಥಳೀಯರಿಗೆ. ಇಲ್ಲಿಯ ಕಾಲೇಜುಗಳಲ್ಲಿ ನೂರಕ್ಕೆ 70 ಸೀಟು. ರಾಜ್ಯಮಟ್ಟದ ಸಂಸ್ಥೆಗಳಲ್ಲಿ ನೂರಕ್ಕೆ 8. ಹಮಾಲಿ ಮಾಡುವವನ ಮಗಳು ಡಾಕ್ಟರಿಕೆ ಓದಲು ಹೋದದ್ದು ಈ ವಿಧಿಯಿಂದ ಎಂಬ ಮಾತನ್ನು ಇಂದು ಗಂಜಿನಲ್ಲಿ ಕೇಳಬಹುದು. ಅದಕ್ಕೆ ಬೇಕಾದ ಅರ್ಹತಾ ಪತ್ರಕ್ಕೆ ಸಹಾಯಕ ಆಯುಕ್ತರ ಸಹಿ ಬೇಕು. ಅವರ ಕಚೇರಿ ಆಳಂದದಲ್ಲಿಲ್ಲ, ಅಫಜಲಪುರದಲ್ಲಿಲ್ಲ, ಜೇವರ್ಗಿಯಲ್ಲೂ ಇಲ್ಲ, ಕಲಬುರಗಿಯಲ್ಲಿದೆ. ಇರಲಿ. ಹುದ್ದೆ ತುಂಬಿದಾಗ ತಾನೆ ಮೀಸಲಾತಿ? ಶಾಲೆಯಲ್ಲಿ ಮಾಸ್ತರರ ಜಾಗ, ದವಾಖಾನೆಯಲ್ಲಿ ನರ್ಸಿನ ಜಾಗ ಖಾಲಿ ಬಿಟ್ಟುಕೊಂಡು ನೂರಕ್ಕೆ 80 ನಿಮ್ಮದು ಎಂದರೆ ಬರಿ ತಟ್ಟೆಯಲ್ಲಿ ಹಿಸ್ಸೆ ಹಂಚಿದಂತೆ.

ಈಗ ಮಂಡಳಿಯ ವಿಚಾರ. ವರ್ಷಕ್ಕೆ 1,500 ಕೋಟಿ ರೂಪಾಯಿ ಇದ್ದದ್ದು 2022-23ರಲ್ಲಿ 3,000 ಕೋಟಿಯಾಯಿತು. ಅದರ ಮುಂದಿನ ವರ್ಷ 5,000 ಕೋಟಿ ಎಂದು ಘೋಷಿಸಿದರು. ದೊಡ್ಡ ಮೊತ್ತವೇ. ಘೋಷಣೆಗೂ ಬಿಡುಗಡೆಗೂ, ಬಿಡುಗಡೆಗೂ ಖರ್ಚಿಗೂ ಇರುವ ಅಂತರವನ್ನು ನಾವು ಇಂದು ಕೆದಕುವುದಿಲ್ಲ. ಅದಕ್ಕೆ ಬೇರೆ ಲೇಖನವೇ ಬೇಕು. ನಮ್ಮ ತಕರಾರು ಅದಕ್ಕಿಂತ ಮೂಲದ್ದು. ಈ ಮಂಡಳಿಯ ಅಧ್ಯಕ್ಷರನ್ನು ನೀವು ಆರಿಸುವುದಿಲ್ಲ, ಸರಕಾರ ನೇಮಿಸುತ್ತದೆ. ಸರಕಾರ ಬದಲಾದರೆ ಅಧ್ಯಕ್ಷರು ಬದಲಾಗುತ್ತಾರೆ. ಆಳಂದದ ಬಟ್ಟೆ ಅಂಗಡಿಯವನಿಗೆ, ಭೂಸನೂರಿನ ಸಕ್ಕರೆ ಕಾರಖಾನೆಯ ಕಾಮಗಾರನಿಗೆ, ತನ್ನ ಓಣಿಗೆ ಸಮುದಾಯ ಭವನಕ್ಕಿಂತ ಮೊದಲು ಗಟಾರ ಬೇಕೆಂದು ಹೇಳಲು ಅಲ್ಲಿ ಬಾಗಿಲಿಲ್ಲ. ಕಲ್ಲು, ಸಿಮೆಂಟಿನ ಕೆಲಸಕ್ಕೆ ಗುತ್ತೇದಾರ ಇರುತ್ತಾನೆ, ಅವನಿಗೆ ಬಾಗಿಲು ಗೊತ್ತು. ಮಾಸ್ತರನ ನೇಮಕಕ್ಕೆ ಗುತ್ತೇದಾರನಿಲ್ಲ. ಭವನಗಳು ಏಳುತ್ತವೆ, ಮಾಸ್ತರರು ಬರುವುದಿಲ್ಲ, ಇದರಲ್ಲಿ ಆಶ್ಚರ್ಯಪಡುವಂಥದೇನಿದೆ?

ದೂರದಲ್ಲಿ ಆಗುವ ತೀರ್ಮಾನ ದುಡಿಯುವವನ ಅನ್ನದ ತಟ್ಟೆಗೆ ಹೇಗೆ ಮುಟ್ಟುತ್ತದೆಂಬುದಕ್ಕೆ ಗಿರಣಿಯವರಿಗೆ ಉದಾಹರಣೆ ಹೇಳಬೇಕಾಗಿಲ್ಲ. ನಿಜಾಮನ ಕಾಲದಲ್ಲಿ ಹುಟ್ಟಿದ ಎಂ.ಎಸ್.ಕೆ. ಮಿಲ್ಲು ಮುಂದೆ ರಾಷ್ಟ್ರೀಯ ಜವಳಿ ನಿಗಮದ ಕೈಗೆ ಬಂದು ಕಡೆಗೆ ಬಾಗಿಲು ಹಾಕಿತು. ಆ ಬಾಗಿಲು ಹಾಕುವ ಮಾತು ಕಲಬುರಗಿಯಲ್ಲಿ ಆಗಲಿಲ್ಲ; ದಿಲ್ಲಿಯಲ್ಲಿ ಆಯಿತು. ಭೋಂಗಾ ಕೇಳಿ ಏಳುತ್ತಿದ್ದ ಓಣಿಗಳನ್ನು ಯಾರೂ ಕೇಳಲಿಲ್ಲ. 2023ರಲ್ಲಿ ಅದೇ ಕಲಬುರಗಿಗೆ ಪಿ.ಎಂ. ಮಿತ್ರ ಜವಳಿ ಪಾರ್ಕ್ ಎಂದು ಘೋಷಿಸಿದರು. ಅದೂ ದಿಲ್ಲಿಯಲ್ಲೇ. ಇದ್ದ ಗಿರಣಿ ಮುಚ್ಚಿದಾಗಲೂ ಹೊಸದರ ಮಾತು ಬಂದಾಗಲೂ ನಮ್ಮ ಪಾಲಿಗೆ ಉಳಿದದ್ದು ಪತ್ರಿಕೆಯಲ್ಲಿ ಓದಿ ತಿಳಿಯುವುದು. ಇನ್ನೊಂದು ಗೆರೆಯನ್ನೂ ನೋಡಿರಿ. ಅನೇಕ ಉದ್ಯೋಗಗಳ ಕನಿಷ್ಠ ವೇತನದ ಅಧಿಸೂಚನೆಗಳಲ್ಲಿ ರಾಜ್ಯವನ್ನು ವಲಯಗಳಾಗಿ ಹಂಚುವ ಪದ್ಧತಿ ಬೆಳೆದು ಬಂದಿದೆ. ಬೆಂಗಳೂರಿಗೆ ಮೇಲಿನ ವಲಯ. ತಾಲೂಕಿನ ಊರುಗಳಿಗೆ ಕಡೆಯ ವಲಯ. ಅಡಿಗೆ ಎಣ್ಣೆ, ಗ್ಯಾಸಿನ ಸಿಲಿಂಡರು, ಮಕ್ಕಳ ಔಷಧಗಳು ಆಳಂದದಲ್ಲಿ ಕಡೆಯ ವಲಯದ ದರಕ್ಕೆ ಸಿಗುತ್ತವೆಯೆ? ನಕಾಶೆಯ ಮೇಲೆ ಎಳೆದ ಗೆರೆ ಪಗಾರದ ಪಾಕೀಟನ್ನು ಕತ್ತರಿಸುವುದೆಂದರೆ ಇದೇ.

ವ್ಯಾಪಾರಸ್ಥರ ಪಾಡೂ ಅಷ್ಟೇ. ತೊಗರಿ ನಮ್ಮ ಸೀಮೆಯ ಜೀವ. ಗುಲಬರ್ಗಾ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತೂ ಸಿಕ್ಕಿತು. ಆದರೆ ಬೆಂಬಲ ಬೆಲೆ ಎಷ್ಟು, ಖರೀದಿ ಕೇಂದ್ರ ಯಾವಾಗ, ಹೊರದೇಶದ ತೊಗರಿ ಎಷ್ಟು ಬರಬೇಕು ಎಂಬ ಮೂರು ಮಾತೂ ಈ ಸೀಮೆಯ ಹೊರಗೆ ನಿಶ್ಚಯವಾಗುತ್ತವೆ. 2022-23ರ ಹಂಗಾಮಿನಲ್ಲಿ ನೆಟೆ ರೋಗ ಬಡಿದು ಹೊಲಕ್ಕೆ ಹೊಲವೇ ಒಣಗಿ ನಿಂತಾಗ, ಕಣ್ಣೆದುರಿಗಿನ ನಷ್ಟಕ್ಕೆ ಪರಿಹಾರ ಕೊಡುವ ಅಧಿಕಾರ ಜಿಲ್ಲೆಯಲ್ಲಿ ಯಾರಿಗೂ ಇರಲಿಲ್ಲ. ರೈತನ ಕೈಯಲ್ಲಿ ರೊಕ್ಕ ಆಡದಿದ್ದರೆ ಅಫಜಲಪುರದ ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ದಪ್ಪವಾಗುತ್ತದೆ. ದಾಲ್ ಮಿಲ್ಲಿನಲ್ಲಿ ಪಾಳಿ ಕಡಿಮೆಯಾಗುತ್ತದೆ. ಭೀಮೆಯ ಕಥೆ ಇನ್ನೂ ವಿಚಿತ್ರ. 2020ರ ಅಕ್ಟೋಬರಿನಲ್ಲಿ ಮೇಲಿನಿಂದ ಬಿಟ್ಟ ನೀರು ಅಫಜಲಪುರ, ಜೇವರ್ಗಿಯ ದಂಡೆಯ ಹಳ್ಳಿಗಳಿಗೆ ನುಗ್ಗಿತು. ಬೇಸಿಗೆಯಲ್ಲಿ ಅದೇ ಭೀಮೆಗೆ ಒಂದಿಷ್ಟು ನೀರು ಬಿಡಿರೆಂದು ಧರಣಿ ಕೂಡಬೇಕು. ಸೊನ್ನದ ಬ್ಯಾರೇಜು ನಮ್ಮಲ್ಲಿದೆ, ಉಜ್ಜನಿಯ ಕೀಲಿ ಮಹಾರಾಷ್ಟ್ರದಲ್ಲಿದೆ. ಎರಡು ರಾಜ್ಯಗಳ ಪತ್ರವ್ಯವಹಾರದಲ್ಲಿ ದಂಡೆಯವರಿಗೆ ಸಹಿ ಮಾಡುವ ಜಾಗವಿಲ್ಲ.

ಹಾಗಾದರೆ ಬೇರೆ ರಾಜ್ಯವೇ ಮದ್ದೆ? ಆಗಾಗ್ಗೆ ಆ ಕೂಗೂ ಏಳುತ್ತದೆ. ನಾವು ಅದಕ್ಕೆ ಒಪ್ಪುವವರಲ್ಲ. ಬೇರೆ ರಾಜ್ಯವಾದರೆ ಕಲಬುರಗಿಗೆ ವಿಧಾನಸೌಧ ಬಂದೀತು. ಜೇವರ್ಗಿಗೆ ಕಲಬುರಗಿಯೇ ಬೆಂಗಳೂರಾದೀತು. ಇನ್ನೊಂದು ಮಾತು. ಜೇವರ್ಗಿಯಿಂದ ಪಶ್ಚಿಮಕ್ಕೆ ಹೋದರೆ ಸಿಂದಗಿಯ ಸೀಮೆ. ಅದು ಹಿಂದೆ ಮುಂಬಯಿ ಆಡಳಿತದಲ್ಲಿತ್ತು, ಇದು ನಿಜಾಮನದು. ಆದ್ದರಿಂದ ಇಲ್ಲಿಯವನಿಗೆ 371(ಜೆ) ಉಂಟು, ಅಲ್ಲಿಯವನಿಗಿಲ್ಲ. ಮದ್ರಾಸಿನಲ್ಲಿದ್ದು 1953ರಲ್ಲಿ ಮೈಸೂರಿಗೆ ಬಂದ ಬಳ್ಳಾರಿಗೂ ಉಂಟು. ಸಿಂದಗಿಯಲ್ಲೂ ಅದೇ ಎರೆ ಹೊಲ, ಅದೇ ಬರ, ಅದೇ ಗುಳೆ. ಆಳಂದದ ಆಚೆ ಅಕ್ಕಲಕೋಟೆಯಲ್ಲಿ ಕನ್ನಡ ಮಾತಾಡುವ ಕೂಲಿಯವನಿದ್ದಾನೆ. ಅಕ್ಕಲಕೋಟೆ ಮೈಸೂರು ರಾಜ್ಯಕ್ಕೆ ಬರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿದ್ದು ಹಾಗೆಯೇ ಉಳಿಯಿತು. ನಮಗೆ ಸಿಕ್ಕದ್ದನ್ನು ಬಿಟ್ಟುಕೊಡಬೇಕೆಂದು ನಾವು ಹೇಳುತ್ತಿಲ್ಲ. 2024ರಲ್ಲಿ ಬೆಂಗಳೂರಿನಲ್ಲಿ ಈ ವಿಧಿಯ ವಿರುದ್ಧ ಕೂಗೆದ್ದಾಗ ಕಲಬುರಗಿಯ ಜನ ಬೀದಿಗಿಳಿದದ್ದು ನ್ಯಾಯವೇ ಆಗಿತ್ತು. ಆದರೆ ಗೆರೆಯ ಆಚೆಯ ಬಡವ ನಮ್ಮ ವೈರಿಯಲ್ಲ. ಗೆರೆ ಎಳೆಯುವ ಅಧಿಕಾರವನ್ನು ತಮ್ಮಲ್ಲೇ ಇಟ್ಟುಕೊಂಡವರೊಡನೆ ನಮ್ಮ ವ್ಯಾಜ್ಯ.

ಡಾ. ರಾಮಮನೋಹರ ಲೋಹಿಯಾ ಅವರು ಚೌಖಂಬಾ ರಾಜ್ಯವೆಂದರು: ಹಳ್ಳಿ, ಜಿಲ್ಲೆ, ಪ್ರಾಂತ, ಕೇಂದ್ರ ಎಂಬ ನಾಲ್ಕು ಕಂಬಗಳ ಮೇಲೆ ನಿಲ್ಲುವ ಆಳ್ವಿಕೆ. ಅದು ಹಗಲುಗನಸಲ್ಲವೆಂಬುದನ್ನು ಈ ರಾಜ್ಯವೇ ಒಮ್ಮೆ ತೋರಿಸಿತ್ತು. ರಾಮಕೃಷ್ಣ ಹೆಗಡೆಯವರ ಸರಕಾರದಲ್ಲಿ ಅಬ್ದುಲ್ ನಜೀರ್ ಸಾಬರು 1983ರ ಕಾಯಿದೆ ತಂದರು. 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳಿಗೆ ಚುನಾವಣೆಯಾಯಿತು. ಆರಿಸಿ ಬಂದ ಅಧ್ಯಕ್ಷನ ಕೈಕೆಳಗೆ, ಜಿಲ್ಲಾಧಿಕಾರಿಗಿಂತ ಹಿರಿಯನಾದ ಅಧಿಕಾರಿ ಕಾರ್ಯದರ್ಶಿಯಾಗಿ ಕೆಲಸ ಮಾಡಿದ. ಶಾಲೆಯ ಮಾಸ್ತರ ಬಾರದಿದ್ದರೆ ಕೇಳುವವರು ಜಿಲ್ಲೆಯಲ್ಲೇ ಇದ್ದರು. ಕೆಲವೇ ವರ್ಷಗಳಲ್ಲಿ ಅದರ ರೆಕ್ಕೆಪುಕ್ಕ ಕತ್ತರಿಸಿದ್ದು ಬೇರೆ ಮಾತು.

ಇಂದಿನವರಾದರೋ ಕತ್ತರಿಸುವ ಶ್ರಮವನ್ನೂ ಪಡಲಿಲ್ಲ. 2016ರಲ್ಲಿ ಆರಿಸಿ ಬಂದ ಜಿಲ್ಲಾ, ತಾಲೂಕು ಪಂಚಾಯತಿಗಳ ಅವಧಿ 2021ರಲ್ಲಿ ಮುಗಿಯಿತು. ಕ್ಷೇತ್ರಗಳನ್ನು ಹೊಸದಾಗಿ ಹಂಚಬೇಕೆಂಬ ನೆಪ ಹುಡುಕಿ, ಅದಕ್ಕೊಂದು ಆಯೋಗ ಮಾಡಿದರು. ವಿಳಂಬ ಸಾಕೆಂದು ಹೈಕೋರ್ಟು 2022ರ ಡಿಸೆಂಬರಿನಲ್ಲಿ ಸರಕಾರಕ್ಕೆ ಐದು ಲಕ್ಷ ರೂಪಾಯಿ ದಂಡ ಹಾಕಿತು. 2023ರಲ್ಲಿ ಒಂದು ಪಕ್ಷ ಇಳಿದು ಇನ್ನೊಂದು ಏರಿತು. 2024 ಕಳೆದರೂ ಚುನಾವಣೆ ಬರಲಿಲ್ಲ; ಆಡಳಿತಾಧಿಕಾರಿಗಳೇ ಪಂಚಾಯತಿ. ಬೆಂಗಳೂರಿನ ಬಗ್ಗೆ ದೂರುವ ನಮ್ಮ ಭಾಗದ ಶಾಸಕರಲ್ಲಿ ಎಷ್ಟು ಮಂದಿ ಇದಕ್ಕಾಗಿ ಸದನದ ಬಾವಿಗೆ ಇಳಿದರು? ತಾಲೂಕಿನಲ್ಲಿ ಇನ್ನೊಬ್ಬ ಚುನಾಯಿತ ಮನುಷ್ಯ ಇಲ್ಲದಿದ್ದರೆ ಶಾಸಕನೇ ಪಾಳೆಯಗಾರ. ಪ್ರಾದೇಶಿಕ ಅಸಮಾನತೆಯ ಮೇಲೆ ಭಾಷಣ ಮಾಡುವ ಮಹನೀಯರಿಗೂ ಈ ಅನುಕೂಲ ಬೇಡವಾಗಿಲ್ಲ.

2024ರ ಸೆಪ್ಟೆಂಬರ್ 17ರಂದು ಕಲಬುರಗಿಯಲ್ಲಿ ಸಚಿವ ಸಂಪುಟದ ಸಭೆ ನಡೆಯಿತು. ಅದರ ಹಿಂದಿನದು ನಡೆದದ್ದು 2014ರಲ್ಲಿ. ಹತ್ತು ವರ್ಷಕ್ಕೊಮ್ಮೆ ಬಂದು ಹೋಗುವವರಿಂದ ಪ್ರತ್ಯೇಕ ಸಚಿವಾಲಯದ ಮಾತೂ ಕೇಳಿಬಂತು. ಬರಲಿ. ಇನ್ನೊಂದು ಕಟ್ಟಡ, ಇನ್ನಷ್ಟು ಕಾರ್ಯದರ್ಶಿಗಳು ಬರಲಿ. ಅದಕ್ಕೂ ಮುನ್ನ ಆಗಬೇಕಾದದ್ದನ್ನು ನಾವು ಕೇಳುತ್ತೇವೆ. ಜಿಲ್ಲಾ, ತಾಲೂಕು ಪಂಚಾಯತಿಗಳ ಚುನಾವಣೆ ಐದು ವರ್ಷಕ್ಕೊಮ್ಮೆ ತಪ್ಪದೆ ಆಗಬೇಕು. ಅವಧಿ ಮುಗಿದ ಮೇಲೆ ಆಡಳಿತಾಧಿಕಾರಿಯನ್ನು ಕೂಡಿಸುವ ದಾರಿಯನ್ನು ಕಾಯಿದೆಯಲ್ಲೇ ಮುಚ್ಚಬೇಕು. ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳ ಪಂಚಾಯತಿ ಮತ್ತು ಪುರಸಭೆಗಳ ಸದಸ್ಯರು ತಮ್ಮೊಳಗಿಂದ ಮಂಡಳಿಯ ಸದಸ್ಯರನ್ನು ಆರಿಸಬೇಕು, ಅಧ್ಯಕ್ಷರನ್ನು ಆ ಸದಸ್ಯರು ಆರಿಸಬೇಕು. ಖಾಲಿ ಹುದ್ದೆಗಳಲ್ಲಿ ಮಾಸ್ತರರು, ನರ್ಸುಗಳ ನೇಮಕವನ್ನು ಬೆಂಗಳೂರಿನ ಅಪ್ಪಣೆಗೆ ಕಾಯದೆ ವಿಭಾಗದಲ್ಲೇ ನಡೆಸುವ ಅಧಿಕಾರ ಆ ಮಂಡಳಿಗೆ ಬರಬೇಕು.

ಇದಕ್ಕೆಲ್ಲ ಕಾಯಿದೆ ತಿದ್ದಬೇಕು, ಕಾಲ ಹಿಡಿಯುತ್ತದೆ ಎಂದು ಅವರು ಹೇಳುವರು. ಕಾಯಿದೆ ತಿದ್ದದೆ ಮಾಡಬಹುದಾದದ್ದು ಒಂದಿದೆ. ಮಂಡಳಿಯ ಹಣದಲ್ಲಿ ಈ ವರ್ಷ ಯಾವ ಊರಿಗೆ ಯಾವ ಕೆಲಸ, ಎಷ್ಟು ರೂಪಾಯಿ, ಗುತ್ತೇದಾರ ಯಾರು, ಮುಗಿಯುವ ದಿನ ಯಾವುದು ಎಂಬ ಪಟ್ಟಿಯನ್ನು ಕನ್ನಡದಲ್ಲಿ ಬರೆದು ಆಳಂದ, ಅಫಜಲಪುರ, ಜೇವರ್ಗಿ, ಯಡ್ರಾಮಿಯ ತಹಶೀಲ್ ಕಚೇರಿಗಳ ಗೋಡೆಗೆ ಅಂಟಿಸಲಿ. ಗಿರಣಿಯ ಪಾಳಿ ಬಿಟ್ಟವರು, ಅಂಗಡಿ ಮುಚ್ಚಿದವರು ನಿಂತು ಓದುವಷ್ಟು ದಪ್ಪ ಅಕ್ಷರದಲ್ಲಿ. ಹಾಗೆ ಅಂಟಿಸದಿದ್ದರೆ ಪ್ರತಿ ಸೋಮವಾರ ನಾವೇ ಹೋಗಿ ಕೇಳೋಣ.